ಮೊಳೆಗೆ ತೂಗುಹಾಕಿದ ಬಳೆಗಳು

ಆಗಾಶೆ ಕಾಕಾನ ಷೆಡ್ಡಿಗೆ ಬಂದವರೆಲ್ಲ ಮೊದಲು ಮಾಡುವ ಕೆಲಸವೆಂದರೆ ಜೇಬಿನಿಂದ ಮೊಬೈಲು ತೆಗೆದು ಮಷೀನಿನ ಫೋಟೋ ಹೊಡೆಯುವುದು. ಹಳೆಯ ಕಾಲದ ಡ್ರಿಲ್ ಮಷೀನು, ವಿದೇಶದ್ದು, ಮೇಜಿನ ಮೇಲೆ ಕೂರುವಂಥದ್ದು. ಹೊಲಿಗೆ ಯಂತ್ರಕ್ಕಿಂತ ಒಂಚೂರು ಎತ್ತರ. ಮಾಸಿದ ಹಸಿರು ಬಣ್ಣ, ಪಕ್ಕದಲ್ಲಿ ಹಿತ್ತಾಳೆಯ ಅಳತೆಪಟ್ಟಿ, ಕೈಯಾಡಿ ಆಡಿ ನುಣ್ಣಗಾದ ಹಿಡಿಕೆ. ಎಷ್ಟು ಚಂದ ಇಟ್ಟಿದ್ದೀರಿ ಎಂದು ಕಾಕಾನನ್ನು ಹೊಗಳುತ್ತಾರೆ. ಫೋಟೋ ಚೊಕ್ಕವಾಗಿ ಬರಲಿ ಎಂದು ಮುಂದೆ ಕೂತಿರುವ ಹೆಂಗಸಿಗೆ ಸ್ವಲ್ಪ ಸರಿಯಲು ಹೇಳುತ್ತಾರೆ. ಅವಳು ಸ್ಟೂಲು ಸಮೇತ ಸರಿಯುತ್ತಾಳೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ನೋಡಿದಾಗೆಲ್ಲ ಮೈ ಉರಿದಿದೆ. ಮಷೀನಿನ ಬಗ್ಗೆ ಬರೆಯುವವರು ಬರೆದುಕೊಳ್ಳಲಿ, ನಾನು ಸರಿದು ಕೂತವಳ ಬಗ್ಗೆ ಬರೆಯುತ್ತೇನೆ.

ಅವಳ ಹೆಸರು ಅನುಸೂಯಾ. ನಾನು ಪ್ರೇಮಾವತಿ, ಪುಣೆಯ ಬಿಬವೇವಾಡಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು ಇದೆ. ಗಲ್ಲಾದ ಮೇಲೆ ನನ್ನ ಗಂಡ ಸುಬ್ಬಯ್ಯ, ಅಡುಗೆಮನೆಯಲ್ಲಿ ನಾನು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಎದುರಿಗೇ ಕಾಕಾನ ಷೆಡ್ಡು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಅನುಸೂಯಾ ಬಂದು ಬಟಾಟೆ ಮೂಟೆಯ ಮೇಲೆ ಕೂರುತ್ತಾಳೆ, ಕಾಲು ಚಾಚುತ್ತಾಳೆ, ಚಹಾ ಕೈಗೆ ಬರುವವರೆಗೆ ಮಾತಾಡುವುದಿಲ್ಲ. ನಾನು ಉಡುಪಿ ಕಡೆಯವಳು, ಅವಳು ಯಾದಗಿರಿ ಕಡೆಯವಳು. ಮೊದಮೊದಲು ಒಬ್ಬರ ಕನ್ನಡ ಒಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಮರಾಠಿ ಇತ್ತು. ಈಗ ಮರಾಠಿ ಬೇಕಾಗುವುದಿಲ್ಲ.

ಅವಳ ಅಪ್ಪ ಅವ್ವ ಪುಣೆಗೆ ಇಟ್ಟಿಗೆ ಹೊರಲು ಬಂದವರು. ಕಟ್ಟುತ್ತಿರುವ ಕಟ್ಟಡದ ಬುಡದಲ್ಲಿ ತಗಡಿನ ಗುಡಿಸಲು, ಕಟ್ಟಡ ಮುಗಿದ ಕೂಡಲೇ ಇನ್ನೊಂದರ ಬುಡಕ್ಕೆ. ಕಟ್ಟಿ ಮುಗಿದ ಮನೆಯಲ್ಲಿ ತಾನು ಮಲಗಿದ್ದು ಮದುವೆಯಾದ ಮೇಲೆಯೇ ಎಂದು ಅವಳು ಒಮ್ಮೆ ಹೇಳಿದ್ದಳು. ಗಂಡ ಅಂಬಾದಾಸ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬಿಗೆ ಹಲಗೆ ಕಂಬ ನಿಲ್ಲಿಸುವವನು. ಮಗಳು ಮಂಜರಿಯನ್ನು ಶಾಲೆಗೆ ಹಾಕಿದ ಮೇಲೆ ಅನುಸೂಯಾ ಇಟ್ಟಿಗೆ ಹೊರುವುದನ್ನು ಬಿಟ್ಟು ಕಾಕಾನ ಷೆಡ್ಡಿನಲ್ಲಿ ಕಸ ಗುಡಿಸಲು ಸೇರಿದಳು. ನೆಲದ ಮೇಲೆ ಬಿದ್ದ ಹಿತ್ತಾಳೆ ಚೂರು ಗುಡಿಸುತ್ತ ಗುಡಿಸುತ್ತ ಮಷೀನು ನಡೆಯುವುದನ್ನು ನೋಡಿದಳು. ಮಷೀನು ನಡೆಸುತ್ತಿದ್ದವನು ದೊಡ್ಡ ಕಂಪನಿ ಸೇರಿಕೊಂಡ. ಕಾಕಾನ ಕೈ ಆಗಲೇ ನಡುಗಲು ಶುರುವಾಗಿತ್ತು. ಬೇಜಾರಿನಲ್ಲಿ ಒಂದು ದಿನ ಅವರು, ನೀನೇ ಒತ್ತು ನೋಡೋಣ ಎಂದು ಹಿಡಿಕೆಯನ್ನು ಇವಳಿಗೆ ಬಿಟ್ಟುಕೊಟ್ಟರಂತೆ. ಒತ್ತಿದಳು. ಅಂದಿನಿಂದ ಒತ್ತುತ್ತಲೇ ಇದ್ದಾಳೆ.

ಅಲ್ಲಿ ಆಗುವುದು ಗ್ಯಾಸ್ ಒಲೆಯ ಜೆಟ್ ಕೆಲಸ. ಬರ್ನರಿನೊಳಗೆ ಬೆರಳ ತುದಿಯಷ್ಟು ಹಿತ್ತಾಳೆಯ ತುಂಡು ಇರುತ್ತದಲ್ಲ, ಅದೇ ಜೆಟ್. ಅದರ ನಡುವಿನ ತೂತಿನಿಂದ ಗ್ಯಾಸು ಬರಬೇಕು. ತೂತು ಕೊಂಚ ದೊಡ್ಡದಾದರೆ ಪಾತ್ರೆಯ ತಳ ಮಸಿ ಹಿಡಿಯುತ್ತದೆ, ಸಣ್ಣದಾದರೆ ಇಡ್ಲಿ ಬೇಯುವುದಿಲ್ಲ. ಆ ತೂತು ಕೊರೆಯುವ ಉಕ್ಕಿನ ಕಡ್ಡಿಗೆ ಬಿಟ್ಟು ಎನ್ನುತ್ತಾರೆ, ಅದು ಹೊಲಿಗೆ ಸೂಜಿಗಿಂತ ತೆಳ್ಳಗಿರುತ್ತದೆ. ಹಿಡಿಕೆಯನ್ನು ಒಂದಿಷ್ಟು ಜೋರಾಗಿ ಒತ್ತಿದರೂ ಬಿಟ್ಟು ತುಂಡಾಗಿ ಹಿತ್ತಾಳೆಯೊಳಗೇ ಕೂತುಬಿಡುತ್ತದೆ, ಎರಡೂ ಹಾಳು. ಮುರಿಯುವ ಮೊದಲು ಅದು ಸಣ್ಣಗೆ ಕೂಗುತ್ತದೆ ಎಂದು ಅನುಸೂಯಾ ಹೇಳುತ್ತಾಳೆ. ನಾನು ಕಿವಿ ಕೊಟ್ಟು ನೋಡಿದ್ದೇನೆ, ನನಗೆ ಬೆಲ್ಟಿನ ಗುಯ್‌ಗುಟ್ಟುವಿಕೆಯಲ್ಲದೆ ಬೇರೇನೂ ಕೇಳಿಲ್ಲ.

ಆ ಕೂಗು ಕೇಳಬೇಕಾದರೆ ಕೈಯಲ್ಲಿ ಬಳೆ ಸದ್ದು ಮಾಡಬಾರದು. ತಿರುಗುವ ಮಷೀನಿನ ಹತ್ತಿರ ಗಾಜಿನ ಬಳೆ ಅಪಾಯವೂ ಹೌದು. ಇಲ್ಲಿಂದಲೇ ಅವಳ ತಾಪತ್ರಯ ಶುರುವಾದದ್ದು. ಅವಳ ಕಡೆಯಲ್ಲಿ ಗಂಡ ಇರುವ ಹೆಂಗಸು ಹಸಿರು ಬಳೆಯನ್ನು ಬಿಗಿಯಾಗಿ ಇಡಿಸಿಕೊಳ್ಳುತ್ತಾಳೆ, ಅದು ಜಾರಿ ಬರುವಂಥದ್ದಲ್ಲ. ತಾನಾಗಿ ಒಡೆದರೆ ಹೊಸದು ಇಡಿಸಿಕೊಳ್ಳುವವರೆಗೆ ನೀರೂ ಕುಡಿಯದವರಿದ್ದಾರೆ. ಅಂಥದ್ದರಲ್ಲಿ ಇವಳು ಬಳೆಗಾರ್ತಿ ಶಿವಗಂಗವ್ವನ ಹತ್ತಿರ ಹೋಗಿ ಸಡಿಲ ಬಳೆ ಕೇಳಿದಳು. ಮುತ್ತೈದೆಗೆ ಸಡಿಲ ಬಳೆ ತಾನು ಈವರೆಗೆ ಇಟ್ಟಿಲ್ಲ ಎಂದು ಶಿವಗಂಗವ್ವ ಬೈದಳು, ಬೈದೇ ಕೊಟ್ಟಳು. ಮಷೀನಿನ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇದೆ. ಬೆಳಿಗ್ಗೆ ಬಂದವಳು ಬಳೆ ಕಳಚಿ, ದಾರ ಪೋಣಿಸಿ ಆ ಮೊಳೆಗೆ ತೂಗುಹಾಕುತ್ತಾಳೆ. ಸಂಜೆ ಹಾಕಿಕೊಂಡು ಮನೆಗೆ ಹೋಗುತ್ತಾಳೆ. ಹಗಲಲ್ಲಿ ನೋಡಿದ ಪಕ್ಕದ ಹೌಸಿಂಗ್ ಸೊಸೈಟಿಯ ಹೆಂಗಸರು ಅವಳನ್ನು ವಿಧವೆ ಎಂದೇ ತಿಳಿದಿದ್ದಾರೆ. ಒಂದು ಸಂಕ್ರಾಂತಿಗೆ ಅವಳನ್ನು ಅರಿಶಿನ ಕುಂಕುಮಕ್ಕೆ ನಾನೇ ಕರೆದುಕೊಂಡು ಹೋದಾಗ ಕುಂಕುಮದ ಭರಣಿ ಅವಳನ್ನು ದಾಟಿ ನನ್ನ ಹತ್ತಿರ ಬಂತು. ನಾನು ಅಲ್ಲೇ ನಾಲ್ಕು ಮಾತು ಅಂದು ಎದ್ದು ಬಂದೆ. ಅವಳು ಮಾತ್ರ ಅವರು ಕೊಟ್ಟ ಎಳ್ಳುಂಡೆಯನ್ನು ಸೆರಗಿಗೆ ಕಟ್ಟಿಕೊಂಡಳು.

ಮಂಜರಿ ಏಳನೆಯ ತರಗತಿಯಲ್ಲಿದ್ದಾಗ ಅಂಬಾದಾಸ ಹಲಗೆ ಸಮೇತ ಕೆಳಗೆ ಬಿದ್ದ. ಸುದ್ದಿ ಷೆಡ್ಡಿಗೆ ಬಂದಾಗ ಬಳೆ ಮೊಳೆಯ ಮೇಲಿತ್ತು. ಅನುಸೂಯಾ ಇದ್ದಂತೆಯೇ ಓಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಅವಳ ಅತ್ತೆ ಯಮನವ್ವ ಕೂತಿದ್ದಳು. ಆ ಮುದುಕಿ ಸೊಸೆಯ ಮುಖ ನೋಡಲಿಲ್ಲ, ಬರಿಗೈ ನೋಡಿದಳು. ಅಂಬಾದಾಸನ ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗಲೂ ಮನೆ ಮುಂದಿನ ಕಟ್ಟೆಯವರೆಗೆ ಗೋಡೆ ಹಿಡಿದು ಬರುತ್ತಾನೆ, ಅಷ್ಟೇ. ಅವನು ಹೆಂಡತಿಗೆ ಒಂದು ಮಾತು ಅಂದವನಲ್ಲ. ಯಮನವ್ವ ಮಾತ್ರ ಬಂದವರಿಗೆಲ್ಲ ಒಂದೇ ಕತೆ ಹೇಳಿದಳು: ಸೊಸೆ ಗಂಡನ ಆಯುಷ್ಯವನ್ನು ದಿನಾ ಮೊಳೆಗೆ ನೇತುಹಾಕುತ್ತಿದ್ದಳು, ದೇವರು ಎಷ್ಟು ದಿನ ನೋಡಿಯಾನು. ಆ ಬರಿಗೈ ದುಡಿದು ತಂದ ಅಕ್ಕಿಯ ಅನ್ನವನ್ನೇ ಉಣ್ಣುತ್ತ ಈ ಮಾತು ಹೇಳುತ್ತಿದ್ದಳು ಎನ್ನುವುದು ನನಗೆ ಇವತ್ತಿಗೂ ಅರಗುವುದಿಲ್ಲ.

ಮಂಜರಿಯನ್ನು ಘಾಟಿನಾಚೆಯ ಭೋರ್ ಊರಿಗೆ ಮದುವೆ ಮಾಡಿ ಕೊಟ್ಟರು. ಅಳಿಯ ಟೆಂಪೋ ಓಡಿಸುತ್ತಾನೆ, ಒಳ್ಳೆಯವನು. ಮೊದಲನೆಯ ಬಸಿರು ಐದನೆಯ ತಿಂಗಳಲ್ಲಿ ಹೋಯಿತು. ಅಜ್ಜಿಯ ಹಳೆಯ ಕತೆ ಆಗ ಮೊಮ್ಮಗಳ ತಲೆಗೂ ಹೊಕ್ಕಿತು. ಓದಿದ ಹುಡುಗಿ, ಬುದ್ಧಿ ಬೇರೆ ಹೇಳಿದರೂ ಅಂಥ ಹೊತ್ತಿನಲ್ಲಿ ಮನಸ್ಸು ಯಾರ ಮಾತನ್ನಾದರೂ ಹಿಡಿದುಕೊಳ್ಳುತ್ತದೆ. ಎರಡನೆಯ ಸಲ ಬಸಿರು ನಿಂತು, ಏಳನೆಯ ತಿಂಗಳಲ್ಲಿ ಭೋರಿನಲ್ಲಿ ಕುಬುಸದ ಕಾರ್ಯ, ನಮ್ಮ ಕಡೆಯ ಸೀಮಂತದಂಥದ್ದು, ಇಟ್ಟುಕೊಂಡರು. ನಾವು ಹೆಂಗಸರೆಲ್ಲ ಟೆಂಪೋದಲ್ಲಿ ಹೋದೆವು, ಹೋಳಿಗೆಯ ಬುಟ್ಟಿ ನನ್ನ ತೊಡೆಯ ಮೇಲೆ. ಶಿವಗಂಗವ್ವನೂ ಬಳೆಯ ಮಲಾರ ಹೊತ್ತು ಬಂದಿದ್ದಳು. ಹಸಿರು ಸೀರೆ ಉಟ್ಟು ಕೂತಿದ್ದ ಮಂಜರಿ ಎರಡು ಕೈತುಂಬ ಬಳೆ ಇಡಿಸಿಕೊಂಡ ಮೇಲೆ, ಎಲ್ಲರೂ ಕೇಳುವ ಹಾಗೆ ತಾಯಿಗೆ ಹೇಳಿದಳು.

"ಅವ್ವಾ, ಈ ಸಲ ನೀನೂ ಬಿಗಿ ಬಳಿ ಇಡಿಸ್ಕೊ. ನನ್ನ ಹೆರಿಗಿ ಆಗೋತನ ತೆಗಿಬ್ಯಾಡ."

ಅನುಸೂಯಾ ಬಂದು ಕೂತು ಎರಡೂ ಕೈ ಚಾಚಿದಳು. ಕೆಲಸದಿಂದ ದಪ್ಪಗಾದ ಅಂಗೈಯನ್ನು ಶಿವಗಂಗವ್ವ ಹಿಸುಕಿ ಹಿಸುಕಿ, ಚಿಕ್ಕ ಅಳತೆಯ ಬಳೆಗಳನ್ನೇ ಒಂದೊಂದಾಗಿ ಏರಿಸಿದಳು. ಇವು ಇನ್ನು ಹೆಣದ ಕೈಯಿಂದಲೂ ಜಾರುವುದಿಲ್ಲ ಎಂದು ಯಾರೋ ನಗಾಡಿದರು. ವಾಪಸು ಬರುವಾಗ ಕಾತ್ರಜ ಘಾಟಿನುದ್ದಕ್ಕೂ ಅನುಸೂಯಾ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಟೆಂಪೋ ಕುಲುಕಿದಾಗೆಲ್ಲ ಬಳೆ ಸದ್ದಾಗುತ್ತಿತ್ತು, ಅವಳು ನಗುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ.

ಮಷೀನು ಇದೆಯಲ್ಲ ಎಂಬುದು ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ನೆನಪಾದದ್ದು ಮರುದಿನ ಬೆಳಿಗ್ಗೆ.

ಅದೇ ಹೊತ್ತಿಗೆ ನಮ್ಮ ಕಡೆ ಹೋಟೆಲುಗಳಿಗೆಲ್ಲ ಪೈಪಿನ ಗ್ಯಾಸು ಬರುತ್ತಿತ್ತು. ಸಿಲಿಂಡರಿನ ಜೆಟ್ ಪೈಪಿನ ಗ್ಯಾಸಿಗೆ ಆಗುವುದಿಲ್ಲ, ತೂತಿನ ಅಳತೆ ಬೇರೆ. ಹೊಸ ಒಲೆಗಳಿಗೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಂಥವರ ಹಳೆಯ ಭಟ್ಟಿಗಳಿಗೆ ಯಾರು ಮಾಡಿಕೊಡುತ್ತಾರೆ? ಸ್ವಾರಗೇಟಿನವರೆಗಿನ ಹೋಟೆಲಿನವರೆಲ್ಲ ಕಾಕಾನ ಷೆಡ್ಡಿಗೆ ಬಂದರು. ಕಾಕಾ ಬೇರೆಯವರದ್ದು ಮೊದಲು ಒಪ್ಪಿಕೊಂಡು, ಹಿಂಬಾಗಿಲಿನವಳೇ ತಾನೆ ಎಂದು ನನ್ನ ಜೆಟ್ಟುಗಳನ್ನು ಕೊನೆಗೆ ತಳ್ಳಿದರು. ಇಷ್ಟು ಕೆಲಸ ಆ ಷೆಡ್ಡಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಮೊದಲನೆಯ ದಿನವೇ ಬಿಟ್ಟುಗಳು ಮುರಿಯತೊಡಗಿದವು. ಹಿಡಿಕೆ ಇಳಿಸಿದರೆ ಬಳೆ ಕಿಣಿಕಿಣಿ, ಬಿಟ್ಟು ಕೂಗಿದ್ದು ಅವಳಿಗೆ ಕೇಳಲಿಲ್ಲ. ಮರುದಿನ ಅವಳು ಹಳೆಯ ಸೀರೆ ಹರಿದು ಪಟ್ಟಿ ಮಾಡಿಕೊಂಡು ಬಂದಳು. ಬಳೆಗಳನ್ನು ಆದಷ್ಟು ಮೇಲಕ್ಕೆ ದೂಡಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬಿಗಿಯಾಗಿ ಸುತ್ತಿಕೊಂಡಳು. ಸದ್ದು ನಿಂತಿತು. ಆದರೆ ಬಿಗಿತಕ್ಕೆ ರಕ್ತವೂ ನಿಂತ ಹಾಗಾಗಿ ಬೆರಳು ಜೋಮು ಹಿಡಿದವು. ಹಿಡಿಕೆಯ ಸೂಕ್ಷ್ಮ ಬೆರಳಿಗೆ ತಿಳಿಯದೆ ಮತ್ತೆ ಬಿಟ್ಟು ಮುರಿದವು. ಪಟ್ಟಿ ಸಡಿಲಿಸಿದರೆ ಸದ್ದು, ಬಿಗಿದರೆ ಜೋಮು. ವಾರಗಟ್ಟಲೆ ಇದೇ ನಡೆಯಿತು. ಮಧ್ಯಾಹ್ನ ಬಂದು ಮೂಟೆಯ ಮೇಲೆ ಕೂತರೆ ಲೋಟ ಹಿಡಿಯಲು ಎರಡೂ ಕೈ ಬೇಕಾಗುತ್ತಿತ್ತು. ಬೆರಳುಗಳು ಬಾತು ಬೆಂಡೆಕಾಯಿಯಂತಾಗಿದ್ದವು.

ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಗೆ ಮೊದಲೇ ಮಷೀನಿಗೆ ಎಣ್ಣೆಬಟ್ಟೆ ಹೊದಿಸಿ ಸುಮ್ಮನೆ ಕೂರತೊಡಗಿದರು. ಒಂದು ದಿನ ನನ್ನನ್ನು ಕರೆದು ಮರಾಠಿಯಲ್ಲಿ ಹೇಳಿದರು: ಕೋಥರೂಡಿನ ಒಬ್ಬರು ಈ ಮಷೀನನ್ನು ಮನೆಯ ಗಾಜಿನ ಕಪಾಟಿನಲ್ಲಿ ಇಡಲು ಕೇಳುತ್ತಿದ್ದಾರೆ, ನನಗೂ ಸಾಕಾಗಿದೆ, ಅನುಸೂಯಾಬಾಯಿಯ ಕೈಲಾಗದಿದ್ದರೆ ತಿಂಗಳ ಕೊನೆಗೆ ಕೊಟ್ಟು ಬೀಗ ಹಾಕುತ್ತೇನೆ, ನೀವೇ ಅವಳಿಗೆ ತಿಳಿಸಿ. ಇಂಥ ಮಾತು ಹೇಳಲು ಎಲ್ಲರಿಗೂ ನಾನೇ ಸಿಗುತ್ತೇನೆ.

ಹೇಳಿದೆ. ಅವಳು ಚಹಾ ಕುಡಿಯುತ್ತಲೇ ಕೇಳಿದಳು. ನಾನು ಸಾಬೂನು ತಂದು ಮುಂದೆ ಇಟ್ಟೆ.

"ಮಂಡೆ ಸಮ ಉಂಟಾ ನಿಂಗೆ? ತೆಗೆದು ಹಾಕು ಮಾರಾಯ್ತಿ. ಭೋರಿನಲ್ಲಿರುವ ಮಗಳಿಗೆ ಇಲ್ಲಿದು ಕಾಣ್ತದಾ?"

ಅವಳು ಸಾಬೂನನ್ನು ಮೆಲ್ಲಗೆ ಆಚೆ ಸರಿಸಿದಳು.

"ನನ್ನ ಕೈ ಬರಿದಿದ್ದಾಗೇ ನನ್ನ ಮನ್ಯಾಗ ಎಲ್ಲಾ ಆಗ್ಯಾದ್ರಿ ಅಕ್ಕಾರ. ನಂಬ್ತೀನೋ ಇಲ್ಲೋ ನನಗೂ ಗೊತ್ತಿಲ್ಲ. ಖರೇನೋ ಸುಳ್ಳೋ ಅಂತ ಪರೀಕ್ಷಾ ಮಾಡೋದು ಮಗಳ ಹೊಟ್ಟಿ ಮ್ಯಾಲೇನ್ರಿ?"

ನಾನು ಸಾಬೂನನ್ನು ವಾಪಸು ನಲ್ಲಿಯ ಹತ್ತಿರ ಇಟ್ಟೆ. ಲೋಟ ಕೆಳಗಿಟ್ಟು ಅವಳೇ ಮೆಲ್ಲಗೆ ಹೇಳಿದಳು, ಕೆಲಸ ಹೋದರೆ ಹೋಗಲಿ ಅನ್ನಿಸುತ್ತದೆ, ಒಂದು ಕಡೆ ಕೂತುಬಿಡಬೇಕು ಅನ್ನಿಸುತ್ತದೆ, ಆಮೇಲೆ ಗಂಡನ ಗುಳಿಗೆ ನೆನಪಾಗುತ್ತವೆ ಎಂದು. ಹೇಳಿ ಪಟ್ಟಿ ಸುತ್ತಿಕೊಂಡು ಎದ್ದು ಹೋದಳು. ಅವಳ ನಡಿಗೆ ನೋಡಿದರೆ ಹಿಂದೆ ಹೋಗಿ ಹಿಡಿದು ಕೂರಿಸಬೇಕು ಅನ್ನಿಸುತ್ತಿತ್ತು. ಆದರೆ ಕೂರಿಸಿ ಮಾಡುವುದೇನು?

ಹೆರಿಗೆಗೆಂದು ಮಂಜರಿ ತವರಿಗೆ ಬಂದದ್ದು ಆ ತಿಂಗಳ ಕೊನೆಯ ವಾರ. ಸ್ವಾರಗೇಟಿನಲ್ಲಿ ಇಳಿಸಿದ ಗಂಡ ಟೆಂಪೋ ಬಾಡಿಗೆಗೆ ಹೋಗಬೇಕೆಂದು ರಿಕ್ಷಾ ಹತ್ತಿಸಿದ್ದಾನೆ. ಇವಳು ಮನೆಗೆ ಹೋಗುವ ಬದಲು ತಾಯಿಯನ್ನು ಕರೆದುಕೊಂಡೇ ಹೋಗೋಣ ಎಂದು ನೇರ ನಮ್ಮ ಹೋಟೆಲಿಗೆ ಬಂದಳು. ಅದು ಚಹಾದ ಹೊತ್ತು. ಅನುಸೂಯಾ ಮೂಟೆಯ ಮೇಲೆ ಕೂತು ಪಟ್ಟಿ ಬಿಚ್ಚುತ್ತಿದ್ದಳು. ಆ ದಿನ ಬಟ್ಟೆಯೊಳಗೆ ಒಂದು ಬಳೆ ಬಿರುಕು ಬಿಟ್ಟು ಚರ್ಮಕ್ಕೆ ಹೊಕ್ಕಿತ್ತು. ಪಟ್ಟಿಯ ಕೊನೆಯ ಸುತ್ತು ರಕ್ತಕ್ಕೆ ಅಂಟಿಕೊಂಡಿತ್ತು. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ಮಗಳನ್ನು ಮೊದಲು ಕಂಡವಳು ನಾನು.

ಮಂಜರಿ ಬ್ಯಾಗು ಕೆಳಗಿಟ್ಟು, ಕಷ್ಟಪಟ್ಟು ಬಗ್ಗಿ, ತಾಯಿಯ ಕೈ ಹಿಡಿದು ತಿರುಗಿಸಿ ನೋಡಿದಳು. ನಲ್ಲಿಯ ಹತ್ತಿರ ಕರೆದೊಯ್ದು ಸಾಬೂನು ಹಚ್ಚಿ ಜಾರಿಸಲು ನೋಡಿದಳು. ಬಾತ ಕೈಯಿಂದ ಒಂದೂ ಜಾರಲಿಲ್ಲ. ಅನುಸೂಯಾ, ಬ್ಯಾಡ ಮಗಾ, ಇನ್ನೇನು ಸ್ವಲ್ಪ ದಿನ ಎನ್ನುತ್ತಲೇ ಇದ್ದಳು. ಮಂಜರಿ ಸುತ್ತ ಕಣ್ಣಾಡಿಸಿ, ನಾನು ಚಹಾಕ್ಕೆ ಶುಂಠಿ ಜಜ್ಜುವ ಕಲ್ಲನ್ನು ಎತ್ತಿಕೊಂಡಳು. ತಾಯಿಯ ಕೈಯನ್ನು ಕಟ್ಟೆಯ ಮೇಲಿಟ್ಟು, ಒದ್ದೆ ಬಟ್ಟೆಯಿಂದ ಮುಚ್ಚಿದಳು.

ಆಗ ಅವಳ ಕೈ ಹಿಡಿದು ತಡೆದವಳು ನಾನೇ. ಸಾಬೂನು ತಂದಿಟ್ಟ ನಾನೇ. ಬೇಡ ಮಗ, ತುಂಬಿದ ಬಸುರಿ, ನಿನ್ನ ಕೈಯಿಂದ ಬೇಡ ಎಂದೆ.

"ನನ್ನ ಕೂಸು ನನ್ನ ಹೊಟ್ಟ್ಯಾಗ ಅದ ಮಾವಶಿ," ಅಂದಳು ಮಂಜರಿ. "ಅವ್ವನ ಬಳ್ಯಾಗಿಲ್ಲ."

ಮೆಲ್ಲಗೆ ಕುಟ್ಟಿದಳು. ಬಟ್ಟೆಯ ಕೆಳಗೆ ಗಾಜು ಮುರಿಯುವ ಸದ್ದಾಯಿತು. ಒಂದು ಕೈ ಮುಗಿಸಿ ಇನ್ನೊಂದು ಕೈ ತೆಗೆದುಕೊಂಡಳು. ಕುಟ್ಟುತ್ತಿದ್ದವಳು ಅಳುತ್ತಿದ್ದಳು, ಕುಟ್ಟಿಸಿಕೊಂಡವಳು ಅಳಲಿಲ್ಲ; ಕಣ್ಣು ಮುಚ್ಚಿ ನಿಂತಿದ್ದಳು. ಕೊನೆಯದೂ ಒಡೆದ ಮೇಲೆ ಅವಳು ಹೋಗಿ ಮತ್ತೆ ಮೂಟೆಯ ಮೇಲೆ ಕೂತಳು, ಗೋಡೆಗೆ ಒರಗಿ ಹಾಗೆಯೇ ನಿದ್ದೆ ಹೋದಳು. ಮಗಳು ಅರಿಶಿನ ಕಲಸಿ ಗಾಯಕ್ಕೆ ಹಚ್ಚಿದರೂ ಎಚ್ಚರವಾಗಲಿಲ್ಲ. ಸಂಜೆಯ ವಡೆಗೆ ಬಟಾಟೆ ಬೇಕಿತ್ತು. ಸುಬ್ಬಯ್ಯನವರನ್ನು ಅಂಗಡಿಗೆ ಕಳಿಸಿ ಬೇರೆ ತರಿಸಿದೆ.

ಮರುದಿನದಿಂದ ಬಿಟ್ಟು ಮುರಿಯುವುದು ನಿಂತಿತು. ಕೋಥರೂಡಿನವರು ಬಂದು ಇನ್ನೊಂದು ಫೋಟೋ ಹೊಡೆದುಕೊಂಡು ಬರಿಗೈಯಲ್ಲಿ ವಾಪಸು ಹೋದರು. ಕಾಕಾ ಪೇಢೆ ಹಂಚಿದರು. ಎಲ್ಲರೂ ಅನುಸೂಯಾ ಗೆದ್ದಳು ಎಂದರು. ಗೆದ್ದದ್ದು ಏನು ಎಂದು ಕೇಳಿದರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಸ್ಟೂಲಿನ ಮೇಲೆ ಕೂರುವುದನ್ನು. ಶಿವಗಂಗವ್ವನ ಹತ್ತಿರ ಮತ್ತೆ ಸಡಿಲ ಬಳೆ ತಂದಳು, ಮೊಳೆಗೆ ಹಾಕಿದಳು, ಕೂತಳು. ಮಗಳ ಭಯ ಹೋಗಿತ್ತು, ಇವಳದ್ದು ಹೋಗಿರಲಿಲ್ಲ. ಯಾರ ಮೊಬೈಲು ಹೊಡೆದುಕೊಂಡರೂ ಹಿಡಿಕೆಯ ಮೇಲಿನ ಕೈ ನಿಲ್ಲುತ್ತಿತ್ತು. ಯಮನವ್ವ ಒಡೆದ ಬಳೆಯ ವಿಷಯ ತಿಳಿದು ಮಾತು ಬಿಟ್ಟಿದ್ದಳಂತೆ. ಆ ಮುದುಕಿಯ ಮಾತಿಗಿಂತ ಮೌನಕ್ಕೆ ಹೆಚ್ಚು ಹೆದರಿಕೆ ಎಂದಿದ್ದಳು ಅನುಸೂಯಾ.

ಫೋನು ಬಂದದ್ದು ಒಂದು ಮಧ್ಯಾಹ್ನ, ನಮ್ಮ ಗಲ್ಲಾಕ್ಕೆ. ಮಂಜರಿಗೆ ನೋವು ಬಂದು ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹಿಂಬಾಗಿಲಿನಿಂದ ಕೂಗಿದೆ, ಅನುಸೂಯಾ ಮಷೀನು ನಿಲ್ಲಿಸಿ ಎದ್ದು ಬಂದಳು, ಇಬ್ಬರೂ ರಿಕ್ಷಾ ಹತ್ತಿದೆವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಪಕ್ಕದ ಕಂಬಿ ಹಿಡಿದಾಗ ನನ್ನ ಕಣ್ಣಿಗೆ ಬಿತ್ತು. ಅವಳೂ ಆಗಲೇ ನೋಡಿಕೊಂಡಳು. ಎರಡೂ ಕೈ ಬೋಳು. ಬಳೆ ಮೊಳೆಯ ಮೇಲೇ ಉಳಿದಿತ್ತು.

ಒಳಗೆ ಬಾಗಿಲಿಗೆದುರಾಗಿ ಯಮನವ್ವ ಕೂತಿದ್ದಳು, ಅವಳ ತೊಡೆಯ ಮೇಲೆ ಬಿಳಿಬಟ್ಟೆಯಲ್ಲಿ ಸುತ್ತಿದ ಕೂಸು. ಹೆಣ್ಣು. ತಾಯಿ ಮಗು ಇಬ್ಬರೂ ಸುಖ ಎಂದು ನರ್ಸು ಹೇಳಿದಳು. ಅನುಸೂಯಾ ಬಾಗಿಲಲ್ಲೇ ನಿಂತಳು. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಮುದುಕಿ ತಲೆ ಎತ್ತಿದಳು. ಎಣ್ಣೆಯ ಕಲೆ ಬಿದ್ದ ಸೆರಗಿನ ಕಡೆ ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಜಗಳಕ್ಕೆ ತಯಾರಾಗಿಯೇ ನಿಂತೆ.

"ಕೈ ತೊಳಕೊಂಡು ಬಾ," ಅಂದಳು ಯಮನವ್ವ. "ಎಣ್ಣಿ ಹತ್ತ್ಯಾದ. ಕೂಸಿನ ಬಟ್ಟಿ ಹೊಲಸಾಗ್ತದ."

ಅನುಸೂಯಾ ಹೋಗಿ ಕೈ ತೊಳೆದಳು. ಬಹಳ ಹೊತ್ತು ತೊಳೆದಳು, ಮೊಣಕೈಯವರೆಗೆ. ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು, ಯಮನವ್ವ ಕೂಸನ್ನು ಅವಳ ಬರಿಗೈಗೆ ಇಟ್ಟಳು. ಕೂದಲೆಳೆಯಷ್ಟು ತೂತು ಕೊರೆಯುವ ಬೆರಳಿನಿಂದ ಅವಳು ಕೂಸಿನ ಮುಷ್ಟಿಯನ್ನು ಬಿಡಿಸಿ ನೋಡಿದಳು. ಕೂಸು ಮಲಗಿತ್ತು. ಅವಳಿಗೂ ಕಣ್ಣು ಎಳೆಯುತ್ತಿತ್ತು. ನಾಳೆಗಾದರೂ ಕಾಕಾನ ಹತ್ತಿರ ರಜೆ ಕೇಳು ಎಂದು ನಾನು ಅವಳ ಕಿವಿಯ ಹತ್ತಿರ ಹೇಳಿದೆ.

"ಇಲ್ರಿ ಅಕ್ಕಾರ," ಅಂದಳು ಕಣ್ಣು ತೆರೆಯದೆ. "ನಾಳಿಗಿ ನಿಮ್ಮ ಜೆಟ್ ಅವ. ಭಾಳ ದಿನ ಆಯ್ತು, ಕೊನಿಗಿ ಉಳದಾವ."

ನನಗೆ ಅಳು ಬಂತು. ಅವಳ ಮೇಲೆ ಸಿಟ್ಟೂ ಬಂತು, ನನ್ನ ಒಲೆಯ ಮೇಲೂ ಬಂತು. ಕೂಸು ಜಾರದ ಹಾಗೆ ಅವಳ ಮೊಣಕೈ ಕೆಳಗೆ ನನ್ನ ಕೈ ಕೊಟ್ಟು ಕೂತೆ.